ಜುಟ್ಟಿನ ಮಲ್ಲಿಗೆ

‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ನಾವು ಅದನ್ನು ಬಳಸುವುದು ಹಳಿಯುವುದಕ್ಕೆ. ಮೊದಲು ಹಿಟ್ಟು, ಆಮೇಲೆ ಹೂವು. ಹಿಟ್ಟಿಲ್ಲದ ಮನೆಯಲ್ಲಿ ಹೂವಿನ ಮಾತೆತ್ತುವವನು ಅವಿವೇಕಿ ಎಂಬುದು ಅದರ ತಾತ್ಪರ್ಯ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಹೇಳಿದವರೂ ನಮ್ಮವರೇ ಆದ್ದರಿಂದ, ಇಂಥದೊಂದು ಗಾದೆಗೆ ಎದುರು ನಿಂತು ಮಾತನಾಡಲು ಕೊಂಚ ಧೈರ್ಯ ಬೇಕು. ಆ ಧೈರ್ಯವನ್ನು ನನಗೆ ಕೊಟ್ಟವರು ಧ್ರುವಪ್ರದೇಶಗಳ ಹಿಮದಲ್ಲಿ ಸಿಕ್ಕಿಬಿದ್ದು ತಿಂಗಳುಗಟ್ಟಲೆ ಸೀಲ್ ಮಾಂಸ, ಪೆಂಗ್ವಿನ್ ಮಾಂಸ ತಿಂದು ಬದುಕಿದ ಕೆಲವು ನಾವಿಕರು. ಹಿಟ್ಟು ಮುಗಿಯುತ್ತ ಬಂದ ದಿನಗಳಲ್ಲಿಯೂ ಅವರು ಹೂವನ್ನು ಬಿಡಲಿಲ್ಲ. ಅವರ ವೃತ್ತಾಂತಗಳನ್ನು ಓದುತ್ತ ಹೋದಂತೆ, ಆ ಹೂವು ಅವರ ಅವಿವೇಕವಾಗಿರಲಿಲ್ಲ, ಬದುಕುವ ಉಪಾಯದ ಒಂದು ಭಾಗವಾಗಿತ್ತು ಎಂದು ನನಗೆ ತೋರಿತು.

ಸಂಕಟದಲ್ಲಿ ಎರಡು ಬಗೆ. ಒಂದು, ಥಟ್ಟನೆ ಬಂದು ಥಟ್ಟನೆ ಮುಗಿಯುವುದು: ಮನೆಗೆ ಬೆಂಕಿ ಬಿದ್ದಾಗ, ದೋಣಿ ಮಗುಚಿದಾಗ ಬರುವಂಥದು. ಆಗ ಮನುಷ್ಯನಿಗೆ ಬೇಸರಪಡಲು ಪುರುಸೊತ್ತಿರುವುದಿಲ್ಲ. ಇಲ್ಲದ ಧೈರ್ಯವೂ ಎಲ್ಲಿಂದಲೋ ಬಂದು ಕೂಡಿಕೊಳ್ಳುತ್ತದೆ. ಇನ್ನೊಂದು, ಬಂದು ಕುಳಿತು ಏಳದೇ ಇರುವ ಸಂಕಟ. ಇಂದಿನಂತೆಯೇ ನಾಳೆ, ನಾಳೆಯಂತೆಯೇ ನಾಡಿದ್ದು. ಬಿಡುಗಡೆ ಎಂದೋ ತಿಳಿಯದು, ಆಗುವುದೋ ಇಲ್ಲವೋ ಅದೂ ತಿಳಿಯದು. ಇಲ್ಲಿ ಮನುಷ್ಯನನ್ನು ಕೊಲ್ಲುವುದು ಚಳಿ, ಹಸಿವು, ರೋಗಗಳಷ್ಟೇ ಅಲ್ಲ. ಒಂದು ದಿನಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲದೆ ಹೋಗುವುದು, ಎದುರಿನವನ ಕೆಮ್ಮೂ ಅಸಹ್ಯವಾಗುವುದು, ಕೊನೆಗೆ ತನ್ನ ಬದುಕಿನಲ್ಲಿ ತನಗೇ ಆಸಕ್ತಿ ಉಡುಗಿಹೋಗುವುದು—ಇವೂ ಅಷ್ಟೇ ಕ್ರೂರವಾಗಿ ಕೊಲ್ಲುತ್ತವೆ. ಈ ಎರಡನೆಯ ಸಂಕಟವನ್ನು ಕುರಿತೇ ಇಲ್ಲಿ ನಾಲ್ಕು ಮಾತು.

ಇದಕ್ಕೆ ಧ್ರುವಯಾತ್ರೆಗಳ ಚರಿತ್ರೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಹಿಮದಲ್ಲಿ ಹಡಗು ಸಿಕ್ಕಿಕೊಂಡಿತೆಂದರೆ ಹೊರಗಿನ ಲೋಕ ಇಲ್ಲವೆಂದೇ ಲೆಕ್ಕ. ಹೊಸ ಮುಖವಿಲ್ಲ, ಹೊಸ ಸುದ್ದಿಯಿಲ್ಲ. ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯನೂ ಇಲ್ಲ. ಇದ್ದವರಲ್ಲಿ ಅನೇಕರು ದಿನಚರಿ ಬರೆಯುತ್ತಿದ್ದುದರಿಂದ ಮನಸ್ಸು ಹೇಗೆ ಕುಸಿಯಿತು, ಹೇಗೆ ನಿಂತಿತು ಎಂಬುದಕ್ಕೆ ಸಾಕ್ಷ್ಯ ಉಳಿದಿದೆ.

ಈ ವಿಷಯದಲ್ಲಿ ಮೊದಲು ನೆನೆಯಬೇಕಾದವನು ಬ್ರಿಟಿಷ್ ನೌಕಾಪಡೆಯ ವಿಲಿಯಂ ಎಡ್ವರ್ಡ್ ಪ್ಯಾರಿ. 1819ರಲ್ಲಿ ಆತ ಹೆಕ್ಲಾ, ಗ್ರೈಪರ್ ಎಂಬ ಎರಡು ಹಡಗುಗಳಲ್ಲಿ 94 ಮಂದಿಯೊಡನೆ ಅಮೆರಿಕದ ಉತ್ತರಕ್ಕೆ ಸಮುದ್ರಮಾರ್ಗ ಹುಡುಕುತ್ತ ಹೋದ. ಚಳಿಗಾಲ ಅಡ್ಡ ಬಂತು. ಮೆಲ್ವಿಲ್ ದ್ವೀಪದ ಒಂದು ಕೊಲ್ಲಿಯಲ್ಲಿ ಹಡಗುಗಳನ್ನು ನಿಲ್ಲಿಸಿ ವಸಂತಕ್ಕಾಗಿ ಕಾಯಬೇಕಾಯಿತು. ನವೆಂಬರ್ ಮೊದಲ ವಾರದಲ್ಲಿ ಮರೆಯಾದ ಸೂರ್ಯ ಮತ್ತೆ ಮುಖ ತೋರಿದ್ದು 1820ರ ಫೆಬ್ರವರಿ ಮೊದಲ ವಾರದಲ್ಲಿ. ಆ ಮೂರು ತಿಂಗಳ ಕತ್ತಲೆಗೆ ಪ್ಯಾರಿ ಮಾಡಿಕೊಂಡ ಸಿದ್ಧತೆ ಗಮನಾರ್ಹವಾದದ್ದು. ಹಡಗಿನ ಅಟ್ಟದ ಮೇಲೆ ಹೊದಿಕೆ ಕಟ್ಟಿ ಅದನ್ನು ರಂಗಮಂಟಪವಾಗಿಸಿದ. ಸೂರ್ಯ ಮರೆಯಾಗುವ ಹೊತ್ತಿಗೇ, ನವೆಂಬರ್ 5ರಂದು, ಅಲ್ಲಿ ಮೊದಲ ನಾಟಕ ನಡೆಯಿತು: ಡೇವಿಡ್ ಗ್ಯಾರಿಕ್ ಬರೆದ ಒಂದು ಪ್ರಹಸನ. ನಟರು ಅಧಿಕಾರಿಗಳು, ಸ್ತ್ರೀಪಾತ್ರಕ್ಕೂ ಅವರೇ. ಸ್ವತಃ ಪ್ಯಾರಿಯೂ ಬಣ್ಣ ಹಚ್ಚಿದ. ಪ್ರೇಕ್ಷಕರು ನಾವಿಕರು. ಅಂದಿನಿಂದ ಹದಿನೈದು ದಿನಕ್ಕೊಂದು ಆಟ. ತಂದಿದ್ದ ನಾಟಕಗಳು ಸಾಲದೆ ಬಂದಾಗ ತಾವೇ ಒಂದು ಸಂಗೀತನಾಟಕ ಬರೆದುಕೊಂಡರು. ಅದರ ವಸ್ತು, ತಾವು ಹುಡುಕಿ ಹೊರಟ ಜಲಮಾರ್ಗ ಸಿಕ್ಕಿ ಯಾತ್ರೆ ಮುಗಿದುದು! ಇನ್ನೂ ಆಗದೆ ಇದ್ದುದನ್ನು ಆಗಿಹೋದಂತೆ ಅಭಿನಯಿಸಿ ನೋಡಿದರು.

ನಾಟಕವೊಂದೇ ಅಲ್ಲ, ವಾರಪತ್ರಿಕೆಯೂ ಇತ್ತು. ವಿಜ್ಞಾನದ ಕೆಲಸಕ್ಕೆಂದು ಬಂದಿದ್ದ ಎಡ್ವರ್ಡ್ ಸಬೀನ್ ಅದರ ಸಂಪಾದಕ. ಕೈಬರಹದ ಆ ಪತ್ರಿಕೆಯ 21 ಸಂಚಿಕೆಗಳು ಹೊರಬಂದವು; 1821ರಲ್ಲಿ ಲಂಡನ್ನಿನಲ್ಲಿ ಅವು ಅಚ್ಚೂ ಆದವು. ಸಾಹಿತ್ಯ ಪತ್ರಿಕೆಗಳನ್ನು ಓದುವ ನಮ್ಮಂಥವರಿಗೆ ಅದರಲ್ಲಿ ಒಂದು ಸಂಗತಿ ಬಹಳ ಪರಿಚಿತವೆನಿಸುತ್ತದೆ. ಏನನ್ನೂ ಬರೆದುಕೊಡದೆ ಓದಿ ಆನಂದಿಸುವವರನ್ನು ಪತ್ರಿಕೆ ಚುಚ್ಚುತ್ತಿತ್ತು. ಸಂಪಾದಕರ ಈ ಗೋಳು ಧ್ರುವಪ್ರದೇಶದಲ್ಲೂ ತಪ್ಪಿರಲಿಲ್ಲ ಎಂದು ನಗಬಹುದು. ಆದರೆ ಅದರ ಹಿಂದೊಂದು ವಿವೇಕವಿತ್ತು. ಎಲ್ಲರೂ ಏನಾದರೂ ಕೊಡಬೇಕು. ಬರಿಯ ಪ್ರೇಕ್ಷಕನಾಗಿ ಕುಳಿತವನಿಗೆ ಬೇಸರ ಬೇಗ ಹಿಡಿಯುತ್ತದೆ.

ಪ್ಯಾರಿಯ ಗುಣವೆಂದರೆ ಆತ ಹೂವಿಗಾಗಿ ಹಿಟ್ಟನ್ನು ಮರೆಯಲಿಲ್ಲ. ತನ್ನ ಕೋಣೆಯ ಒಲೆಯ ಕೊಳವೆಯ ಪಕ್ಕದಲ್ಲಿ ಸಣ್ಣ ಪೆಟ್ಟಿಗೆಗಳಲ್ಲಿ ಮಣ್ಣು ತುಂಬಿ ಸಾಸಿವೆ ಸೊಪ್ಪು ಬೆಳೆದು, ರಕ್ತಪಿತ್ತ ವ್ಯಾಧಿಯ ಚಿಹ್ನೆ ಕಂಡವರಿಗೆ ತಿನ್ನಿಸಿದ. ಹೊರಗೆ ಕಾಲಿಡಲಾಗದ ದಿನಗಳಲ್ಲಿ ವಾದ್ಯದ ತಾಳಕ್ಕೆ ಹೆಜ್ಜೆ ಹಾಕುತ್ತ ಎಲ್ಲರೂ ಹಡಗಿನ ಅಟ್ಟದ ಸುತ್ತ ಓಡಬೇಕೆಂದು ಕಟ್ಟಳೆ ಮಾಡಿದ. 94 ಮಂದಿಯಲ್ಲಿ ಆತ ಕಳೆದುಕೊಂಡದ್ದು ಒಬ್ಬನನ್ನು ಮಾತ್ರ. 1821ರಿಂದ 1823ರವರೆಗಿನ ಎರಡನೆಯ ಯಾತ್ರೆಯಲ್ಲಿ ನಾಟಕದ ಜೊತೆಗೆ ನಾವಿಕರಿಗೆ ಅಕ್ಷರ ಕಲಿಸುವ ಶಾಲೆಯನ್ನೂ ತೆರೆದ.

ಈಗ ಇದಕ್ಕೆ ಪ್ರತಿಯಾದ ಒಂದು ಕಥೆ. 1898ರ ಮಾರ್ಚಿಯಲ್ಲಿ ಬೆಲ್ಜಿಕಾ ಎಂಬ ಹಡಗು ದಕ್ಷಿಣಧ್ರುವದ ಕಡೆಯ ಹಿಮದಲ್ಲಿ ಸಿಕ್ಕಿಕೊಂಡಿತು. ಅದರ ನಾಯಕ ಬೆಲ್ಜಿಯಂನ ಆಡ್ರಿಯನ್ ದ ಗೆರ್ಲಾಷ್. ಮುಂದೆ ದಕ್ಷಿಣಧ್ರುವವನ್ನು ಮೊದಲು ಮುಟ್ಟಿದ ಅಮುಂಡ್ಸನ್ ಆಗ ಅದರಲ್ಲಿ ಒಬ್ಬ ಕಿರಿಯ ಅಧಿಕಾರಿ. ಅಮೆರಿಕದ ಫ್ರೆಡರಿಕ್ ಕುಕ್ ವೈದ್ಯ. ದಕ್ಷಿಣದ ಹಿಮದಲ್ಲಿ ಚಳಿಗಾಲ ಕಳೆದ ಮೊದಲ ಹಡಗು ಅದು. ಮೇ 17ರಂದು ಮುಳುಗಿದ ಸೂರ್ಯ ಹತ್ತಿರ ಹತ್ತಿರ 70 ದಿನ ಮೇಲೇಳಲಿಲ್ಲ. ಅಲ್ಲಿಯೂ ವಿನೋದ ಇಲ್ಲದೆ ಇರಲಿಲ್ಲ. ಇಸ್ಪೀಟು ಆಡಿದರು. ಫ್ರೆಂಚ್ ಪತ್ರಿಕೆಗಳಲ್ಲಿದ್ದ ಸುಂದರಿಯರ ಚಿತ್ರಗಳನ್ನು ಮುಂದಿಟ್ಟುಕೊಂಡು ಸೌಂದರ್ಯ ಸ್ಪರ್ಧೆಯನ್ನೂ ನಡೆಸಿದರು. ಆದರೆ ಊಟವೆಂದರೆ ಡಬ್ಬಿಯ ಪದಾರ್ಥ. ತಾಜಾ ಸೀಲ್ ಮಾಂಸ, ಪೆಂಗ್ವಿನ್ ಮಾಂಸವೆಂದರೆ ನಾಯಕನಿಗೇ ಅಸಹ್ಯ. ಜೂನ್ 5ರಂದು ಎಮಿಲ್ ದಾಂಕೊ ಎಂಬ ಅಧಿಕಾರಿ ಹೃದಯ ಬೇನೆಯಿಂದ ತೀರಿಕೊಂಡ. ರಕ್ತಪಿತ್ತ ಹರಡಿತು. ಕೆಲವರಿಗೆ ಚಿತ್ತಭ್ರಮೆಯೂ ಆಯಿತು. ಬೆಳಗಿಲ್ಲದ ಆ ದಿನಗಳಲ್ಲಿ ಹಡಗಿನ ಸುತ್ತ ಸುತ್ತು ಹಾಕುತ್ತಿದ್ದುದಕ್ಕೆ ಅವರೇ ಹುಚ್ಚರ ವಿಹಾರವೆಂದು ಹೆಸರಿಟ್ಟಿದ್ದರು.

ಆ ಹಡಗನ್ನು ಉಳಿಸಿದವನು ವೈದ್ಯ ಕುಕ್. ಹಟ ಹಿಡಿದು ಎಲ್ಲರಿಗೂ ತಾಜಾ ಮಾಂಸ ತಿನ್ನಿಸಿದ; ರೋಗಿಗಳನ್ನು ಬಟ್ಟೆ ಬಿಚ್ಚಿ ಉರಿಯುವ ಒಲೆಯ ಮುಂದೆ ನಿಲ್ಲಿಸಿ, ಇಲ್ಲದ ಸೂರ್ಯನಿಗೆ ಬದಲಾಗಿ ಬೆಂಕಿಯ ಬೆಳಕು ಕಾಯಿಸಿದ. 1899ರ ಮಾರ್ಚಿಯಲ್ಲಿ ಹಡಗು ಹಿಮದಿಂದ ಬಿಡಿಸಿಕೊಂಡಿತು. ಈ ಕಥೆಯಲ್ಲಿ ನಮ್ಮ ಗಾದೆಯೇ ಗೆದ್ದಿತೆಂದು ಒಪ್ಪಬೇಕು. ಹೊಟ್ಟೆಗೆ ತಕ್ಕದ್ದು ಬೀಳದಿದ್ದರೆ ಸೌಂದರ್ಯ ಸ್ಪರ್ಧೆಯಿಂದ ಮನಸ್ಸು ನೆಟ್ಟಗಾಗುವುದಿಲ್ಲ. ಹಾಗಾದರೆ ಹೂವಿನ ಕೆಲಸವೇನು? ಹಿಟ್ಟು ಇದ್ದೂ ಸಾಲದಾದಾಗ ಅದು ಏನು ಮಾಡಬಲ್ಲುದು? ಇದನ್ನು ತಿಳಿಯಲು ಅದೇ ದಕ್ಷಿಣದ ಹಿಮದಲ್ಲಿ ಮುಂದೆ ನಡೆದ ಎರಡು ಪ್ರಸಂಗಗಳನ್ನು ನೋಡಬೇಕು.

ಮೊದಲನೆಯದು ಒಂದು ಹಿಮದ ಗುಹೆಯ ಕಥೆ. 1912ರ ಜನವರಿಯಲ್ಲಿ ಕ್ಯಾಪ್ಟನ್ ಸ್ಕಾಟನ ದಂಡಯಾತ್ರೆಗೆ ಸೇರಿದ ಆರು ಮಂದಿಯನ್ನು, ವಿಕ್ಟರ್ ಕ್ಯಾಂಪ್‌ಬೆಲ್ಲನ ನಾಯಕತ್ವದಲ್ಲಿ, ಹಡಗು ಒಂದು ನಿರ್ಜನ ತೀರದಲ್ಲಿ ಇಳಿಸಿ ಹೋಯಿತು. ಕೆಲವು ವಾರಗಳಲ್ಲಿ ಮರಳಿ ಕರೆದೊಯ್ಯುವ ಏರ್ಪಾಡು. ಕಡಲು ಹೆಪ್ಪುಗಟ್ಟಿ ಹಡಗು ಬರಲಾಗಲಿಲ್ಲ. ಅವರಲ್ಲಿದ್ದ ಆಹಾರ ಆರು ವಾರದ್ದು; ಕಳೆಯಬೇಕಾಗಿದ್ದುದು ಇಡೀ ಚಳಿಗಾಲ. ಹಿಮದ ದಿಬ್ಬವೊಂದನ್ನು ತೋಡಿ 12 ಅಡಿ ಉದ್ದ, 9 ಅಡಿ ಅಗಲದ ಗವಿ ಮಾಡಿಕೊಂಡರು. ಒಬ್ಬ ಎತ್ತರದ ಆಳು ನೆಟ್ಟಗೆ ನಿಲ್ಲುವಷ್ಟೂ ಅದು ಎತ್ತರವಿರಲಿಲ್ಲ. ಉರಿಸಲು ಸೀಲಿನ ಕೊಬ್ಬು. ಅದರ ಮಸಿಯಿಂದ ಮೈ, ಬಟ್ಟೆ, ಅನ್ನ ಎಲ್ಲವೂ ಕಪ್ಪು. ತಿನ್ನಲು ಸಿಕ್ಕಿದ ಸೀಲು. ಒಮ್ಮೆ ಕೊಂದ ಸೀಲಿನ ಹೊಟ್ಟೆಯಲ್ಲಿ 36 ಮೀನುಗಳು ಇನ್ನೂ ಕೆಡದೆ ಸಿಕ್ಕಿದ್ದು ಅವರಿಗೆ ಹಬ್ಬವಾಯಿತು.

ಈ ಗವಿಯಲ್ಲಿ ಕ್ಯಾಂಪ್‌ಬೆಲ್ ಮಾಡಿದ ಮೊದಲ ಕೆಲಸ ವಿಚಿತ್ರವಾಗಿ ತೋರಬಹುದು. ನೆಲದ ಮೇಲೆ ಒಂದು ಗೆರೆ ಎಳೆದ. ಗೆರೆಯ ಈಚೆಗೆ ಮೂವರು ಅಧಿಕಾರಿಗಳು, ಆಚೆಗೆ ಮೂವರು ನಾವಿಕರು. ಈಚೆಯವರು ಆಡಿದ ಮಾತನ್ನು ಆಚೆಯವರು ಕೇಳಿಸಿಕೊಂಡಂತಿಲ್ಲ. ಆಚೆಯವರ ಮಾತನ್ನು ಈಚೆಯವರೂ ಅಷ್ಟೆ. ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಇದೆಂಥ ಸೋಗು ಎನ್ನಿಸುತ್ತದೆ. ದರ್ಜೆಯ ಹೆಮ್ಮೆಯೂ ಅದರಲ್ಲಿ ಇದ್ದಿರಬಹುದು. ಆದರೆ ಆರು ಮಂದಿ ಆರು ತಿಂಗಳು ಒಂದೇ ಗವಿಯಲ್ಲಿ ಮಲಗಬೇಕಾದಾಗ, ಎದುರಿನವನನ್ನು ಗೊಣಗಿಕೊಳ್ಳಲು ಒಂದು ಮರೆ ಬೇಕು. ಗೋಡೆ ಕಟ್ಟಲಾರದ ಕಡೆ ಆ ಗೆರೆಯೇ ಗೋಡೆಯಾಯಿತು.

ಇನ್ನು ಅವರ ವಿನೋದದ ವಿಷಯ. ಅವರ ಬಳಿ ಬೆರಳೆಣಿಕೆಯ ಪುಸ್ತಕಗಳಿದ್ದವು. ಅವುಗಳಲ್ಲೊಂದು ಡಿಕನ್ಸನ ‘ಡೇವಿಡ್ ಕಾಪರ್‌ಫೀಲ್ಡ್’. ರಾತ್ರಿ ಊಟವಾದ ಮೇಲೆ ವೈದ್ಯ ಮರ್ರೇ ಲೆವಿಕ್ ಕೊಬ್ಬಿನ ದೀಪದ ಬೆಳಕಿನಲ್ಲಿ ಅದರ ಒಂದು ಅಧ್ಯಾಯವನ್ನು ಓದುವನು. ಒಂದೇ ಅಧ್ಯಾಯ. ಸುಮಾರು 60 ರಾತ್ರಿ ಆ ಪುಸ್ತಕ ಬಾಳಿತು. ಶನಿವಾರ ಹಾಡು. ಭಾನುವಾರ ಪ್ರಾರ್ಥನೆ, ಕೀರ್ತನೆಗಳನ್ನು ನೆನಪಿನಿಂದಲೇ ಹಾಡಬೇಕು. ಉಗ್ರಾಣ ರೇಮಂಡ್ ಪ್ರೀಸ್ಟ್ಲಿಯದು. ಆತ ಸಕ್ಕರೆ, ಚಾಕೊಲೇಟುಗಳನ್ನು ದಿನವೂ ಚೂರು ಚೂರು ಹಂಚಿ ಮುಗಿಸಲಿಲ್ಲ. ಭಾನುವಾರಕ್ಕೆ ತಲೆಗೆ 12 ತುಂಡು ಸಕ್ಕರೆ, ಶನಿವಾರಕ್ಕೆ ಒಂದಿಷ್ಟು ಚಾಕೊಲೇಟ್, ಹುಟ್ಟುಹಬ್ಬ ಬಂದರೆ 25 ಒಣದ್ರಾಕ್ಷಿ—ಹೀಗೆ ಕಟ್ಟು ಮಾಡಿದ. ದಿನಕ್ಕೆ ಹಂಚಿದ್ದರೆ ನಾಲಗೆಗೂ ತಿಳಿಯದೆ ಹೋಗುತ್ತಿದ್ದ ಸಿಹಿ, ಹೀಗೆ ಕೂಡಿಟ್ಟಾಗ ವಾರಕ್ಕೆ ಒಂದು ತಲೆ, ಒಂದು ಬಾಲ ಕೊಟ್ಟಿತು. ಭಾನುವಾರ ಮತ್ತೆ ಭಾನುವಾರವಾಯಿತು. ತೂಕದಲ್ಲಿ ಸಕ್ಕರೆ ಹೆಚ್ಚಲಿಲ್ಲ. ಆದರೆ ಅದಕ್ಕಾಗಿ ಕಾಯುವ ಆರು ದಿನಗಳು ಅದರೊಂದಿಗೆ ಸೇರಿಕೊಂಡವು. ಕಾದಂಬರಿಯ ಅಧ್ಯಾಯವನ್ನೂ ಅವರು ಇದೇ ತಕ್ಕಡಿಯಲ್ಲಿ ತೂಗಿ ಕೊಟ್ಟುಕೊಂಡರು. ಕಾದಂಬರಿಯನ್ನು ಕಂತುಗಳಲ್ಲಿ ಓದಿ, ಮುಂದಿನ ವಾರಕ್ಕಾಗಿ ಕಾಯುವ ಅಭ್ಯಾಸವುಳ್ಳ ನಮಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೆಪ್ಟೆಂಬರ್ 30ರಂದು ಆರು ಮಂದಿಯೂ ಗವಿಯಿಂದ ಹೊರಟು, ಕಾಲ್ನಡಿಗೆಯಲ್ಲಿ ಜಾರುಬಂಡಿ ಎಳೆದುಕೊಂಡು ನವೆಂಬರ್ 7ರಂದು ತಮ್ಮವರ ಗುಡಿಸಲನ್ನು ಮುಟ್ಟಿದರು. ಧ್ರುವಕ್ಕೆ ಹೋದ ಸ್ಕಾಟ್ ಮರಳಿಲ್ಲವೆಂಬ ಸುದ್ದಿ ಅವರನ್ನು ಅಲ್ಲಿ ಕಾದಿತ್ತು. ಆರರಲ್ಲಿ ಒಬ್ಬ ನಾವಿಕ ದಾರಿಯಲ್ಲಿ ಸಾವಿನ ಹತ್ತಿರ ಹೋಗಿ ಬಂದ. ಮತ್ತೊಬ್ಬ, ಎಲ್ಲ ಕಷ್ಟ ಮುಗಿದ ಮೇಲೆ ಮನೋವ್ಯಾಧಿಯಿಂದ ನರಳಿದ. ಕಾದಂಬರಿಯೂ ಹಾಡೂ ಆ ಸಾಲವನ್ನು ಪೂರ್ತಿ ತೀರಿಸಲಿಲ್ಲ. ವಾಯಿದೆಯನ್ನು ಮುಂದಕ್ಕೆ ಹಾಕಿದವು. ಆ ವಾಯಿದೆಯಲ್ಲಿ ಆರು ಜೀವ ಉಳಿದವು.

ಎರಡನೆಯ ಪ್ರಸಂಗ ಅರ್ನೆಸ್ಟ್ ಶ್ಯಾಕಲ್‌ಟನ್ನನದು. ಆತ ಸಾಹಸಿಯಾಗಿ ಪ್ರಸಿದ್ಧ. ಆತ ಸಂಪಾದಕನೂ ಆಗಿದ್ದನೆಂಬುದು ಅಷ್ಟು ಪ್ರಸಿದ್ಧವಲ್ಲ. 1902ರಲ್ಲಿ ಸ್ಕಾಟನ ಮೊದಲ ಯಾತ್ರೆಯಲ್ಲಿ ಚಳಿಗಾಲದ ಪತ್ರಿಕೆಯನ್ನು ನಡೆಸಿದವನು ಈತನೇ. ಬೆರಳಚ್ಚು ಮಾಡಿದ ಒಂದೇ ಪ್ರತಿ, ಅದನ್ನೇ ಎಲ್ಲರೂ ಓದಬೇಕು. 1908ರಲ್ಲಿ ತಾನೇ ನಾಯಕನಾಗಿ ಹೋದಾಗ ಸಣ್ಣದೊಂದು ಅಚ್ಚಿನ ಯಂತ್ರವನ್ನೇ ಕೊಂಡೊಯ್ದ. ಹದಿನೈದು ಮಂದಿ ಇದ್ದ ಗುಡಿಸಲಿನಲ್ಲಿ, ಮಸಿ ಹೆಪ್ಪುಗಟ್ಟದಂತೆ ಅದರ ತಟ್ಟೆಯ ಕೆಳಗೆ ದೀಪವಿಟ್ಟು, ‘ಔರೋರಾ ಆಸ್ಟ್ರಾಲಿಸ್’ ಎಂಬ ಪುಸ್ತಕವನ್ನು ಬರೆದು, ಅಚ್ಚು ಮಾಡಿ, ಸಾಮಾನಿನ ಪೆಟ್ಟಿಗೆಯ ಹಲಗೆಗಳನ್ನೇ ರಟ್ಟಾಗಿಸಿ ಕಟ್ಟಿದರು. ಆ ಖಂಡದಲ್ಲಿ ಅಚ್ಚಾದ ಮೊದಲ ಪುಸ್ತಕ ಅದು. ಕೆಲವು ಪ್ರತಿಗಳ ಒಳರಟ್ಟಿನ ಮೇಲೆ ಬೆಣ್ಣೆಯ ಡಬ್ಬದ ಗುರುತು ಇನ್ನೂ ಇದೆಯಂತೆ. ಮೊಳೆ ಜೋಡಿಸಿದವರಲ್ಲಿ ಒಬ್ಬ ಫ್ರಾಂಕ್ ವೈಲ್ಡ್. ಚಿತ್ರ ಬರೆದವನು ಜಾರ್ಜ್ ಮಾರ್ಸ್ಟನ್. ಈ ಎರಡು ಹೆಸರುಗಳನ್ನು ನೆನಪಿಟ್ಟಿರಬೇಕು.

1914ರ ಡಿಸೆಂಬರ್ 5ರಂದು ಶ್ಯಾಕಲ್‌ಟನ್ 28 ಮಂದಿಯ ತಂಡದೊಡನೆ ಎಂಡ್ಯೂರೆನ್ಸ್ ಹಡಗಿನಲ್ಲಿ ಮತ್ತೆ ದಕ್ಷಿಣಕ್ಕೆ ಹೊರಟ. 1915ರ ಜನವರಿಯಲ್ಲಿ ವೆಡ್ಡೆಲ್ ಸಮುದ್ರದ ಹಿಮ ಹಡಗನ್ನು ಹಿಡಿಯಿತು, ಬಿಡಲೇ ಇಲ್ಲ. ಮೇ ತಿಂಗಳ ಆರಂಭದಲ್ಲಿ ಸೂರ್ಯನೂ ಹೋದ. ಹಿಮದ ಬಯಲಲ್ಲಿ ಕಾಲ್ಚೆಂಡು, ಛಾಯಾಗ್ರಾಹಕ ಫ್ರಾಂಕ್ ಹರ್ಲೆಯಿಂದ ದೀಪದ ಚಿತ್ರಗಳೊಡನೆ ಉಪನ್ಯಾಸ, ಜೂನ್ 22ರ ನಡುಚಳಿಗಾಲದ ದಿನ ವೇಷ ಕಟ್ಟಿ ಹಾಡು, ಪ್ರಹಸನ. ಜೂನ್ 15ರಂದು ನಡೆದ ನಾಯಿಬಂಡಿಗಳ ಪಂದ್ಯವನ್ನಂತೂ ಶ್ಯಾಕಲ್‌ಟನ್ ಸಂಭ್ರಮದಿಂದ ವರ್ಣಿಸಿದ್ದಾನೆ. ಸುಮಾರು 700 ಗಜದ ಓಟ. ಹೊರಡುವ ಜಾಗಕ್ಕೆ ಅವರಿಟ್ಟ ಹೆಸರು ನಮಗೂ ಪರಿಚಿತವಾದದ್ದು: ಖೈಬರ್ ಕಣಿವೆ! ಪಣವಾಗಿ ಒಡ್ಡಿದ್ದು ಚಾಕೊಲೇಟು, ಸಿಗರೇಟು. ನಡುಹಗಲಿನ ಮಬ್ಬಿನಲ್ಲಿ ಐದು ತಂಡ ಓಡಿದವು. ಗೆದ್ದದ್ದು ವೈಲ್ಡನ ತಂಡ. 2 ನಿಮಿಷ 16 ಸೆಕೆಂಡು.

ಅಕ್ಟೋಬರ್ 27ರಂದು ಹಿಮದ ಒತ್ತಡಕ್ಕೆ ನುಗ್ಗಾದ ಹಡಗನ್ನು ಬಿಟ್ಟು ಎಲ್ಲರೂ ಮಂಜಿನ ಮೇಲೆ ಇಳಿಯಬೇಕಾಯಿತು. ದೋಣಿಗಳನ್ನು ಎಳೆದುಕೊಂಡು ನಡೆಯಬೇಕು. ಆದ್ದರಿಂದ ತಲೆಗೆ ಎರಡು ಪೌಂಡಿನಷ್ಟು ಮಾತ್ರ ಸ್ವಂತ ಸಾಮಾನು ಎಂದು ಶ್ಯಾಕಲ್‌ಟನ್ ಅಪ್ಪಣೆ ಮಾಡಿದ. ಇತರರಿಗೆ ಮೇಲ್ಪಂಕ್ತಿಯಾಗಲೆಂದು ತನ್ನ ಚಿನ್ನದ ನಾಣ್ಯಗಳನ್ನು ಎಲ್ಲರೆದುರು ಹಿಮದ ಮೇಲೆ ಎಸೆದ. ರಾಣಿ ಅಲೆಕ್ಸಾಂಡ್ರಾ ಹಡಗಿಗೆ ಕೊಟ್ಟಿದ್ದ ಬೈಬಲ್ಲಿನಿಂದ ಕೆಲವು ಹಾಳೆ ಹರಿದುಕೊಂಡು ಪುಸ್ತಕವನ್ನು ಅಲ್ಲೇ ಇಟ್ಟ. ಹೀಗೆ ಚಿನ್ನವನ್ನು ಬಿಟ್ಟ ಆ ಮನುಷ್ಯ, ಹವಾಮಾನ ತಜ್ಞ ಲೆನರ್ಡ್ ಹಸ್ಸಿಯ ಬ್ಯಾಂಜೊ ಎಂಬ ತಂತಿವಾದ್ಯವನ್ನು ಮಾತ್ರ ಬಿಡಗೊಡಲಿಲ್ಲ. ಅದರ ತೂಕ 12 ಪೌಂಡು: ಆರು ಮಂದಿಯ ಸಾಮಾನಿನ ಭಾರ. ವೈದ್ಯರ ಸಲಕರಣೆಗೂ ದಿನಚರಿ ಪುಸ್ತಕಗಳಿಗೂ ಕೊಟ್ಟ ವಿನಾಯಿತಿಯನ್ನು ಅದಕ್ಕೂ ಕೊಟ್ಟು, ಅದು ಮನಸ್ಸಿನ ಔಷಧಿ, ಬೇಕೇ ಬೇಕು ಎಂದ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಸಾರ ಈ ಒಂದು ತೀರ್ಮಾನದಲ್ಲಿದೆ. ಕೈತುಂಬ ಇದ್ದಾಗ ವಾದ್ಯ ಹೊತ್ತುಕೊಂಡು ತಿರುಗುವುದು ವಿಲಾಸ. ಒಂದೊಂದು ಪೌಂಡನ್ನೂ ತೂಗಿ ಎಸೆಯುವಾಗ ಅದನ್ನು ಉಳಿಸಿಕೊಂಡದ್ದು ಲೆಕ್ಕಾಚಾರ.

ಲೆಕ್ಕಾಚಾರದ ಇನ್ನೊಂದು ಮುಖ ಕಠೋರವಾಗಿತ್ತು. 1916ರ ಜನವರಿಯಲ್ಲಿ, ತಿನ್ನಿಸಲು ಮಾಂಸ ಸಾಲದೆ, ನಾಯಿಗಳನ್ನು ಗುಂಡಿಟ್ಟು ಕೊಲ್ಲಬೇಕಾಯಿತು. ಆ ಕೆಲಸ ಬಿದ್ದದ್ದು ವೈಲ್ಡನ ಪಾಲಿಗೆ. ಪಂದ್ಯ ಗೆದ್ದ ತನ್ನ ತಂಡವನ್ನೇ ಆತ ಸಾಲಾಗಿ ಕೊಂದ. ಏಪ್ರಿಲ್ ಹೊತ್ತಿಗೆ ಒಂದು ನಾಯಿಯೂ ಉಳಿಯಲಿಲ್ಲ. ಹಿಂದಿನ ವರ್ಷದ ಆ ನಗು ಇಂಥ ದಿನವನ್ನು ತಡೆಯಲಾರದೆ ಹೋಯಿತು.

ಮೂರು ದೋಣಿಗಳಲ್ಲಿ ಎಲ್ಲರೂ 1916ರ ಏಪ್ರಿಲ್ 15ರಂದು ಎಲಿಫೆಂಟ್ ದ್ವೀಪವೆಂಬ ಬರಡು ಬಂಡೆಯನ್ನು ಸೇರಿದರು. ಏಪ್ರಿಲ್ 24ರಂದು ಶ್ಯಾಕಲ್‌ಟನ್ ಐವರನ್ನು ಕರೆದುಕೊಂಡು ಸಹಾಯ ತರಲು 800 ಮೈಲಿ ದೂರದ ಸೌತ್ ಜಾರ್ಜಿಯಾಕ್ಕೆ ದೋಣಿಯಲ್ಲಿ ಹೊರಟ. ಆ ಕಡಲಯಾನವನ್ನು ಲೋಕವೆಲ್ಲ ಕೊಂಡಾಡಿದೆ. ದ್ವೀಪದಲ್ಲಿ ಉಳಿದ 22 ಮಂದಿಯ ಕಥೆ ಅಷ್ಟಾಗಿ ಯಾರಿಗೂ ಬೇಡ. ಹೋದವರಿಗೆ ಮಾಡಲು ಕೆಲಸವಿತ್ತು. ಇವರಿಗೆ ಕಾಯುವುದೇ ಕೆಲಸ. ಹೋದವರು ಬದುಕಿದರೋ ಇಲ್ಲವೋ ತಿಳಿಯುವ ಬಗೆಯೂ ಇರಲಿಲ್ಲ. ಇವರ ನಾಯಕ ಅದೇ ವೈಲ್ಡ್. ಉಳಿದ ಎರಡು ದೋಣಿಗಳನ್ನು ಕಲ್ಲಿನ ಗೋಡೆಗಳ ಮೇಲೆ ಬೋರಲು ಹಾಕಿ ಅದರ ಕೆಳಗೆ 22 ಮಂದಿ ಒತ್ತಾಗಿ ಮಲಗಿದರು. ಪರ್ಸ್ ಬ್ಲ್ಯಾಕ್‌ಬರೋ ಎಂಬ ಹುಡುಗನ ಕಾಲಿನ ಬೆರಳುಗಳು ಚಳಿಗೆ ಕೊಳೆತಾಗ, ಜೂನ್ 15ರಂದು, ಅದೇ ದೋಣಿಯ ಕೆಳಗೆ, ಇದ್ದಷ್ಟು ಕ್ಲೋರೊಫಾರಂ ಕೊಟ್ಟು ವೈದ್ಯರಿಬ್ಬರು ಅವನ್ನು ಕತ್ತರಿಸಿ ತೆಗೆದರು.

ಅಲ್ಲಿ ಪ್ರತಿ ಬೆಳಿಗ್ಗೆ ವೈಲ್ಡ್ ಎಲ್ಲರಿಗೂ ಹಾಸಿಗೆ ಸುತ್ತಿಡಲು ಹೇಳುತ್ತಿದ್ದ. ಯಜಮಾನರು ಇವತ್ತೇ ಬಂದಾರು ಎನ್ನುತ್ತಿದ್ದ. ನಾಲ್ಕು ತಿಂಗಳ ಮೇಲೆ ಹೀಗೆಯೇ ಹೇಳಿದ. ಶನಿವಾರ ರಾತ್ರಿ ಹಸ್ಸಿಯ ಬ್ಯಾಂಜೊ, ಎಲ್ಲರ ಹಾಡು. ಹಳೆಯ ಮಟ್ಟುಗಳಿಗೆ ಹೊಸ ಪದ ಕಟ್ಟಿ ಒಬ್ಬರನ್ನೊಬ್ಬರು ಗೇಲಿ ಮಾಡುತ್ತಿದ್ದರು. ಎದುರೆದುರು ಹೇಳಿದ್ದರೆ ಜಗಳವಾಗುತ್ತಿದ್ದ ಮಾತು ಹಾಡಾಗಿ ಬಂದಾಗ, ಗುರಿಯಾದವನೂ ನಗಬೇಕಾಗುತ್ತಿತ್ತು. ಮುಂದಿನ ಶನಿವಾರ ಅವನ ಸರದಿ. ಮಾರ್ಸ್ಟನ್ನನ ಬಳಿ ಒಂದು ಅಗ್ಗದ ಅಡಿಗೆ ಪುಸ್ತಕ ಉಳಿದಿತ್ತು. ರಾತ್ರಿ ಮಲಗುವ ಮುನ್ನ ಅದರಿಂದ ಒಂದು ಅಡಿಗೆಯ ವಿಧಾನವನ್ನು ಆತ ಓದುವನು. ಉಳಿದವರು ಅದಕ್ಕೆ ಏನು ಸೇರಿಸಬೇಕು, ಏನು ಬಿಡಬೇಕು ಎಂದು ಶಾಸ್ತ್ರಾರ್ಥ ನಡೆಸುವರು. ಪೆಂಗ್ವಿನ್ ಮಾಂಸವಲ್ಲದೆ ಬೇರೆ ಕಾಣದ 22 ಮಂದಿ ಕತ್ತಲಲ್ಲಿ ಮಲಗಿ ಕಡುಬಿನ ಹದವನ್ನು ಚರ್ಚಿಸುವುದನ್ನು ಓದುವಾಗ ನಗುವೂ ಬರುತ್ತದೆ, ಗಂಟಲೂ ಕಟ್ಟುತ್ತದೆ. ಒಂದು ಕಾಲಕ್ಕೆ ಹಿಮದಲ್ಲಿ ಪುಸ್ತಕ ಅಚ್ಚು ಹಾಕಿದ ಆ ಇಬ್ಬರ ಪಾಲಿಗೆ ಈಗ ಉಳಿದಿದ್ದುದು ಒಂದು ಮಾತು ಮತ್ತು ಒಂದು ಅಡಿಗೆ ಪುಸ್ತಕ. ಅಷ್ಟರಲ್ಲೇ ಅವರು ಸಂಸಾರ ನಡೆಸಿದರು.

ಈ ಉತ್ಸಾಹಕ್ಕೂ ಒಂದು ಅಪಾಯವಿತ್ತು. ನಾಳೆಯೇ ಹಡಗು ಬರುವುದಾದರೆ ಮಾಂಸ ಕೂಡಿಡುವುದೇಕೆ? ಹೆಚ್ಚು ದಾಸ್ತಾನು ಮಾಡಿದರೆ ನಂಬಿಕೆ ಕಳೆದುಕೊಂಡಂತೆ ಆಗುವುದೆಂದು ವೈಲ್ಡ್ ಅದಕ್ಕೆ ಅಷ್ಟಾಗಿ ಒಪ್ಪಲಿಲ್ಲ. ಉಗ್ರಾಣದ ಅನುಭವವಿದ್ದ ಆರ್ಡ್-ಲೀಸ್ ತನ್ನ ದಿನಚರಿಯಲ್ಲಿ ಇದನ್ನು ಆಕ್ಷೇಪಿಸಿದ. ಆಗಸ್ಟ್ ಕೊನೆಗೆ ಸಂಗ್ರಹ ತಳ ಕಂಡಾಗ ಅವನ ಮಾತು ಸುಳ್ಳಾಗಿರಲಿಲ್ಲ. ಭರವಸೆ ಎಂಬುದೂ ಪ್ರಮಾಣ ತಪ್ಪಿದರೆ ಕೆಡುಕು ಮಾಡುವ ಔಷಧಿಯೇ. ಆದರೆ ವೈಲ್ಡ್ ಬರಿಯ ಮಾತಿನ ಮೇಲೆ ಕುಳಿತವನಲ್ಲ. ಯಾರೂ ಬಾರದಿದ್ದರೆ ತಾನೇ ದೋಣಿಯಲ್ಲಿ ಹೊರಡುವ ಯೋಜನೆಯನ್ನೂ ಹಾಕಿಟ್ಟಿದ್ದ. ಆಗಸ್ಟ್ 30ರಂದು, 128ನೆಯ ದಿನ, ಚಿಲಿ ದೇಶದ ಯೆಲ್ಚೊ ಎಂಬ ಸಣ್ಣ ಹಡಗು ಕಾಣಿಸಿತು. ಶ್ಯಾಕಲ್‌ಟನ್ನನ ನಾಲ್ಕನೆಯ ಪ್ರಯತ್ನ ಅದು. 22 ಮಂದಿಯೂ ಜೀವಂತವಾಗಿದ್ದರು.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಬಿಡುವಂತಿಲ್ಲ. ಶ್ಯಾಕಲ್‌ಟನ್ ಯಾರೊಬ್ಬರನ್ನೂ ಕಳೆದುಕೊಳ್ಳಲಿಲ್ಲ ಎಂಬ ಮೆಚ್ಚುಗೆ ಸಾಮಾನ್ಯ. ಅದೇ ಯಾತ್ರೆಯ ಇನ್ನೊಂದು ತಂಡ ಖಂಡದ ಮತ್ತೊಂದು ಬದಿಯಲ್ಲಿ, ರಾಸ್ ಸಮುದ್ರದ ಕಡೆ, ಅವನಿಗಾಗಿ ಆಹಾರದ ದಾಸ್ತಾನು ಇಡುತ್ತ ಮೂವರನ್ನು ಕಳೆದುಕೊಂಡಿತು. ಹಾಡಿದವರೆಲ್ಲ ಉಳಿದರು, ಹಾಡದವರು ಸತ್ತರು ಎಂಬ ಸುಲಭದ ನೀತಿಯನ್ನು ಚರಿತ್ರೆ ಕೊಡುವುದಿಲ್ಲ. ನಾವು ಕಾಣಬಹುದಾದದ್ದು ಇಷ್ಟು. ಉಳಿದವರ ವಿನೋದ ಮೈಮರೆಸುವ ವಿನೋದವಾಗಿರಲಿಲ್ಲ. ಅದಕ್ಕೆ ವಾರ, ವೇಳೆ, ಅಳತೆ ಇದ್ದವು. ಅದರಲ್ಲಿ ನೋಡುವವರು ಬೇರೆ, ಮಾಡುವವರು ಬೇರೆ ಆಗಿರಲಿಲ್ಲ. ಕಂಠವಿಲ್ಲದವನೂ ಶನಿವಾರ ಬಾಯಿ ತೆರೆಯಬೇಕಿತ್ತು. ಮನುಷ್ಯ ತಾನು ಬರಿಯ ಬಾಯಿ ಹೊಟ್ಟೆ ಅಲ್ಲ, ಇತರರಿಗೆ ಕೊಡಲು ತನ್ನಲ್ಲಿ ಏನೋ ಇದೆ ಎಂದು ತಿಳಿದಿರುವವರೆಗೆ, ನಾಳೆ ಬೆಳಿಗ್ಗೆ ಏಳಲು ಅವನಿಗೆ ಒಂದು ಕಾರಣವಿರುತ್ತದೆ. ಏಳುವವನು ಬೇಟೆಗೂ ಹೋಗುತ್ತಾನೆ, ಒಲೆಯನ್ನೂ ಹೊತ್ತಿಸುತ್ತಾನೆ. ಹೂವು ಹೀಗೆ ಸುತ್ತಿ ಬಂದು ಹಿಟ್ಟಿಗೇ ನೆರವಾಗುತ್ತದೆ.

ಎಂಡ್ಯೂರೆನ್ಸ್ ಹಡಗಿನ ಅವಶೇಷ 2022ರ ಮಾರ್ಚಿಯಲ್ಲಿ ವೆಡ್ಡೆಲ್ ಸಮುದ್ರದ ತಳದಲ್ಲಿ, 3008 ಮೀಟರ್ ಆಳದಲ್ಲಿ, ಪತ್ತೆಯಾಯಿತು. ಹಿಮದ ಮೇಲೆ ಎಸೆದ ಚಿನ್ನದ ನಾಣ್ಯಗಳು ಆ ಹಿಮ ಕರಗಿದಾಗ ಅದೇ ಕಡಲಿಗೆ ಸೇರಿರಬೇಕು. ಹಸ್ಸಿಯ ಬ್ಯಾಂಜೊ ಮಾತ್ರ ಲಂಡನ್ನಿನ ಗ್ರೀನಿಚ್ಚಿನ ನೌಕಾ ವಸ್ತುಸಂಗ್ರಹಾಲಯದಲ್ಲಿದೆ. ಅದರ ಚರ್ಮದ ಮೇಲೆ ಸಂಗಡಿಗರ ಸಹಿಗಳಿವೆ. ಗಾದೆಯನ್ನು ಸುಳ್ಳೆನ್ನಲು ನನಗೆ ಮನಸ್ಸಿಲ್ಲ. ಹಿಟ್ಟಿಗೆ ಬದಲಾಗಿ ಹೂವು ಎಂದವನನ್ನು ಅದು ಹಳಿದರೆ ಹಳಿಯಲಿ. ಆದರೆ ದೀರ್ಘಕಾಲದ ಬರಕ್ಕೆ ಬುತ್ತಿ ಕಟ್ಟುವಾಗ, ಹಿಟ್ಟಿನ ಪಕ್ಕದಲ್ಲಿ ಒಂದು ಹಿಡಿ ಮಲ್ಲಿಗೆಗೂ ಜಾಗವಿಡುವ ಮನೆಯ ಯಜಮಾನಿಯನ್ನು ಯಾರೂ ಅವಿವೇಕಿ ಎನ್ನದಿರಲಿ.